ಬರಿಗೈಲಿ ಹೋದ ಸಾಹುಕಾರ

ದಾಸೋಹ ಅಂದರೆ ಏನು ಅಂತ ನಿನ್ನೆ ಈ ಮಠದ ಪ್ರವಚನದಲ್ಲಿ ನಿಮ್ಮನ್ನು ಕೇಳಿದೆ. ಎಲ್ಲರೂ ಒಂದೇ ದನಿಯಲ್ಲಿ "ಕೊಡುವುದು" ಅಂದಿರಿ. ಮುಂದಿನ ಸಾಲಿನ ಹಿರಿಯರಂತೂ ಕಣ್ಣು ಮುಚ್ಚಿಕೊಂಡೇ ಅಂದರು. ಧ್ಯಾನದಲ್ಲಿದ್ದರೋ ನಿದ್ದೆಯಲ್ಲಿದ್ದರೋ, ಆ ಶಿವನೇ ಬಲ್ಲ. ಇರಲಿ. ಉತ್ತರ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅರ್ಧ ಉತ್ತರಕ್ಕೆ ಪೂರ್ತಿ ಅಂಕ ಯಾರಾದರೂ ಕೊಡುತ್ತಾರೆಯೇ? ಉಳಿದ ಅರ್ಧಕ್ಕೆ ಇವತ್ತು ಒಂದು ಕಥೆ ಕೇಳಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವೂರು ಅಂತ ಕೇಳಬೇಡಿ, ಕೇಳಿದರೆ ನಿಮ್ಮೂರೇ ಅಂದುಬಿಡುತ್ತೇನೆ. ಮಾರುಕಟ್ಟೆಯಲ್ಲಿ ಅವನದು ದೊಡ್ಡ ಅಡತಿ ಅಂಗಡಿ, ರೈತರ ಕಾಳುಕಡಿ ಮಾರಿಸಿಕೊಡುವ ವ್ಯಾಪಾರ. ಜನ ಸಾಹುಕಾರ ಅನ್ನುತ್ತಿದ್ದರು. ಶ್ರೀಮಂತ ಅಂದಕೂಡಲೇ ಜಿಪುಣ ಅಂತ ನೀವು ಆಗಲೇ ತೀರ್ಮಾನ ಮಾಡಿದಿರಿ, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಅಲ್ಲ. ಅವನು ಕೊಡುವವನು. ಕೈ ಬಿಚ್ಚಿ ಕೊಡುವವನು. ಚಳಿಗಾಲಕ್ಕೆ ಕಂಬಳಿ, ಶಾಲೆಗೆ ಕುರ್ಚಿ, ಬಡ ಹೆಂಗಸರಿಗೆ ಹೊಲಿಗೆ ಯಂತ್ರ. ಕೊಟ್ಟದ್ದರ ಮೇಲೆಲ್ಲ ಹೆಸರು ಬರೆಸುತ್ತಿದ್ದ, ಅಷ್ಟೇ. ಆ ಊರಿನ ಮಕ್ಕಳು ಅವನ ಹೆಸರಿಗೆ ಬೆನ್ನು ಕೊಟ್ಟೇ ಅಕ್ಷರ ಕಲಿತರು.

ಒಮ್ಮೆ ಒಂದು ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ಇನ್ನೊಬ್ಬ ಅತಿಥಿಯ ಹೆಸರಿನ ಮುಂದೆ ಎಂ.ಎಸ್.ಡಬ್ಲ್ಯು. ಅಂತ ಇತ್ತು. ಸಾಹುಕಾರ ತನ್ನ ಗುಮಾಸ್ತನನ್ನು ಕರೆದು ಕೇಳಿದ, "ಏನೋ ಇದು?"

"ಸಮಾಜ ಸೇವಾದಾಗ ಮಾಸ್ಟರ್ ಡಿಗ್ರಿ ರೀ. ಎರಡು ವರ್ಷ ಓದಬೇಕಾಗತೈತಿ."

"ಅಲ್ಲೋ, ಸೇವಾ ಮಾಡಾಂವ ನಾನು, ಡಿಗ್ರಿ ಅವಂಗ್ಯಾಕ?"

ಈಗ ಕಾಲ ಹೇಗಿದೆ ಅಂದರೆ, ಅಂಗಡಿಯ ಗಾದಿ ಮೇಲಿಂದ ಏಳದೆ ಎಲ್ಲಾ ಓದಬಹುದು. ಆನ್‌ಲೈನ್ ಅಂತೆ. ಸಾಹುಕಾರ ಹಿಂದೆ ಯಾವಾಗಲೋ ಬಿ.ಕಾಂ. ಮಾಡಿದ್ದ, ಅದು ಉಪಯೋಗಕ್ಕೆ ಬಂತು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: "ನೀವು ಸಮಾಜ ಕಾರ್ಯವನ್ನು ಏಕೆ ಓದಬಯಸುತ್ತೀರಿ? ನಿಮ್ಮ ಮಾತಿನಲ್ಲಿ ಬರೆಯಿರಿ." ಗುಮಾಸ್ತ ಗೋಡೆಯ ಮೇಲಿದ್ದ ಸನ್ಮಾನ ಪತ್ರವನ್ನು ನೋಡಿ ನಕಲು ಮಾಡಿದ: ಕೊಡುಗೈ ದಾನಿ, ದೀನಬಂಧು, ಇತ್ಯಾದಿ. ನಿಮ್ಮ ಸೇವೆಯನ್ನು ಕಂಡವರಿಂದ ಒಂದು ಪತ್ರ ತನ್ನಿ ಅಂತಲೂ ಇತ್ತು. ಸಾಹುಕಾರ ಯಾರಿಂದ ತಂದ ಗೊತ್ತೇ? ಶಾಮಿಯಾನದವನಿಂದ. ಅವನು ಪಾಪ ಕಂಡದ್ದನ್ನೇ ಬರೆದ: "ಸಾಹುಕಾರರು ಮಾಡಿದ ಸಮಾಜ ಸೇವೆಗೆಲ್ಲಾ ನಾನೇ ಶಾಮಿಯಾನ ಹಾಕಿರುತ್ತೇನೆ."

ಸೀಟು ಸಿಕ್ಕಿತು. ಅಲ್ಲಿ ಪಾಠ ಹೇಳುವ ಮೇಡಂ, ಚಿಕ್ಕ ವಯಸ್ಸಿನವಳು, ಅರ್ಜಿಗಳ ರಾಶಿಯಲ್ಲಿ ಇಷ್ಟು ನಿಜವಾದ ಪತ್ರ ಇನ್ನೊಂದಿಲ್ಲ ಅಂದಳಂತೆ.

ತರಗತಿ ಶುರುವಾಯಿತು. ಸಾಹುಕಾರನ ಹೆಸರಿನಲ್ಲಿ ಗುಮಾಸ್ತ ಕೂರುತ್ತಿದ್ದ, ಕ್ಯಾಮೆರಾ ಆಫ್ ಮಾಡಿಕೊಂಡು. ಒಂದು ದಿನ ಮೇಡಂ ಎಲ್ಲರೂ ಕ್ಯಾಮೆರಾ ಹಾಕಿ ಅಂದಳು. ಗುಮಾಸ್ತ ಮಿರ್ಚಿ ಭಜಿ ಬಾಯಲ್ಲಿಟ್ಟುಕೊಂಡು ಸಿಕ್ಕಿಬಿದ್ದ. ಅವತ್ತಿನಿಂದ ಸಾಹುಕಾರನೇ ಕೂರಬೇಕಾಯಿತು. ಕೂತಮೇಲೆ ಅವನಿಗೂ ರುಚಿ ಹತ್ತಿತು ಅನ್ನಿ. ಪಾಠ ಕೇಳುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ, ಪರೀಕ್ಷೆ ಬರೆದ. ಆದರೆ ಆ ಓದಿನಲ್ಲಿ ಒಂದು ಮುಳ್ಳಿದೆ, ನೋಡಿ. ಪಾಠ ಫೋನಿನಲ್ಲಿ ಬರುತ್ತದೆ, ಕೆಲಸ ಫೋನಿನಲ್ಲಿ ಆಗುವುದಿಲ್ಲ. ನಿನ್ನ ಊರಿನ ಒಂದು ಮನೆಗೆ ನೀನೇ ಹೋಗಬೇಕು, ಅವರ ಕಷ್ಟ ತಿಳಿಯಬೇಕು, ವರದಿ ಬರೆಯಬೇಕು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ.

ಈಗ ಆ ಮನೆಗೆ ಬರೋಣ. ಈ ಕಥೆಯಲ್ಲಿ ಯಾರಿಗೂ ಹೆಸರಿಲ್ಲ, ಈ ತಾಯಿಗೆ ಮಾತ್ರ ಇದೆ. ಫಕ್ಕೀರವ್ವ. ಗಂಡ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ, ಲಾರಿ ಮೇಲಿಂದ ಬಿದ್ದು ಸೊಂಟದ ಕೆಳಗೆ ಶಕ್ತಿ ಹೋಗಿ, ಕೈಗಳೂ ಸೋತು ಹಾಸಿಗೆ ಹಿಡಿದಿದ್ದ. ಆಕೆಗೆ ಏನು ಬೇಕಾಗಿತ್ತು? ನಿಮಗೆ ಈಗಲೇ ಹೇಳಿಬಿಡುತ್ತೇನೆ, ಸಾಹುಕಾರನಿಗೆ ಹೇಳಬೇಡಿ. ಆಕೆಗೆ ಒಬ್ಬಳೇ ಮಗಳು, ದೂರದ ಊರಿಗೆ ಕೊಟ್ಟದ್ದು. ಚೊಚ್ಚಲ ಹೆರಿಗೆ ಆಗಿತ್ತು. ಬಾಣಂತನ ತವರಲ್ಲಿ ಆಗಬೇಕಿತ್ತು, ಆಗಲಿಲ್ಲ. ಒಂದೇ ಖೋಲಿಯ ಮನೆಯಲ್ಲಿ ಹಾಸಿಗೆ ಹಿಡಿದವನನ್ನೂ ಹಸಿ ಬಾಣಂತಿಯನ್ನೂ ಹೇಗೆ ಇಟ್ಟುಕೊಳ್ಳುವುದು? ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಮೊಮ್ಮಗಳ ಮುಖವನ್ನು ಆಕೆ ಇನ್ನೂ ನೋಡಿರಲಿಲ್ಲ. ಒಂದು ದಿನ ಹೋಗಿ ಬರಬೇಕು, ತನ್ನ ಕೈಯಾರೆ ಆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಬೇಕು. ಇಷ್ಟೇ ಆಸೆ. ಆದರೆ ಆ ಒಂದು ದಿನ ಗಂಡನ ಪಕ್ಕದಲ್ಲಿ ಯಾರು ಕೂರಬೇಕು? ಓಣಿಯವರೆಲ್ಲ ಕೂಲಿಗೆ ಹೋಗುವವರು.

ಆಕೆಯ ಮನೆಯಲ್ಲಿ ಏನಿತ್ತು ಅಂದಿರಿ? ಹೊಲಿಗೆ ಯಂತ್ರ. ಒಂದಲ್ಲ, ಮೂರು. ಒಂದು ಸಂಘದವರು ಕೊಟ್ಟದ್ದು, ಒಂದು ಚುನಾವಣೆಯಲ್ಲಿ ಬಂದದ್ದು, ಒಂದು ನಮ್ಮ ಸಾಹುಕಾರನದು. ಆಕೆಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಒಂದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಳು, ಒಂದರ ಮೇಲೆ ಗಂಡನ ಔಷಧಿ, ಮೂರನೆಯದರ ಮೇಲೆ ಬೆಕ್ಕು ಮಲಗುತ್ತಿತ್ತು. ನಗಬೇಡಿ, ಕೊಟ್ಟವರಲ್ಲಿ ನೀವೂ ಇರಬಹುದು.

ಸಾಹುಕಾರ ಮೊದಲ ಸಲ ಹೋದ. ಹೇಗೆ ಹೋದ? ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಬಾಗಿಲಲ್ಲಿ ನಿಂತು "ಏನ್ ಬೇಕವ್ವಾ?" ಅಂದ. ಆಕೆ ಸೆರಗು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ತಿರುಗಿ ಬಂದ. ಬಂದವನು ವರದಿ ಬರೆದ: ಸ್ವಾವಲಂಬನೆಗಾಗಿ ಫಲಾನುಭವಿಗೆ ಹೊಲಿಗೆ ಯಂತ್ರದ ಅಗತ್ಯವಿದೆ.

ಮೇಡಂ ಅದನ್ನು ಓದಿ ಪರದೆಯ ಮೇಲೆ ಕೇಳಿದಳು, "ಸರ್, ಇದನ್ನ ಅವರು ಹೇಳಿದ್ರಾ?"

"ಅವರೇನ್ ಹೇಳ್ತಾರ್ರಿ? ನೋಡಿದ್ರ ನಮಗ ಗೊತ್ತಾಗಂಗಿಲ್ಲೇನ?"

"ಅವರ ಹೆಸರೇನು?"

ಸಾಹುಕಾರ ತನ್ನ ವರದಿಯನ್ನೇ ತಿರುವಿ ಹಾಕಿ ಹುಡುಕಿದ.

"ನೆಟ್‌ವರ್ಕ್ ಹೋಯ್ತಾ ಸರ್?"

"ಇಲ್ರಿ ಮೇಡಂ. ನೆಟ್‌ವರ್ಕ್ ಚಲೋ ಐತಿ. ಹೆಸರು ಗೊತ್ತಿಲ್ಲ."

ಆ ಹುಡುಗಿ ಬೈಯಲಿಲ್ಲ. ಬೈದಿದ್ದರೆ ಸಾಹುಕಾರನಿಗೆ ಸುಲಭವಾಗುತ್ತಿತ್ತು, ತಾನೂ ಬೈಯಬಹುದಿತ್ತು. ಆಕೆ ಮೆತ್ತಗೆ ಹೇಳಿದಳು, "ಸರ್, ಈ ಸೆಮಿಸ್ಟರ್ ನೀವು ಯಾರಿಗೂ ಏನೂ ಕೊಡೋ ಹಾಗಿಲ್ಲ. ದುಡ್ಡು ಬೇಡ, ಸಾಮಾನು ಬೇಡ, ಆಳು ಕಳಿಸೋದೂ ಬೇಡ. ನೀವೊಬ್ಬರೇ ಬರಿಗೈಲಿ ಹೋಗಿ. ಕೂತ್ಕೊಂಡು ಕೇಳಿ. ಏನೂ ಬೇಡ ಅಂತಾರೆ, ಆಗ ಏಳಬೇಡಿ."

"ಬರಿಗೈಲೆ ಹೆಂಗ ಹೋಗೂದ್ರಿ? ಗುಡಿಗೆ, ಗುರುವಿನ ಹಂತ್ಯಾಕ, ಬ್ಯಾನಿ ಇದ್ದವರ ಮನಿಗೆ ಬರಿಗೈಲೆ ಹೋಗಬಾರದಂತ ನಮ್ಮವ್ವ ಹೇಳ್ಯಾಳ. ಒಂದ ಡಜನ್ ಬಾಳೆಹಣ್ಣರ ಒಯ್ತೀನ್ರಿ."

"ಬಾಳೆಹಣ್ಣೂ ಬೇಡ ಸರ್."

ಅವನ ಅವ್ವ ಹೇಳಿದ್ದು ಸುಳ್ಳೇ? ಸುಳ್ಳಲ್ಲ. ನಾನೂ ನಿಮಗೆ ಅದನ್ನೇ ಹೇಳುತ್ತ ಬಂದವನು. ಆದರೆ ಕೈಯಲ್ಲಿ ಹಣ್ಣಿದ್ದರೆ ಒಂದು ಅನುಕೂಲವಿದೆ, ನೋಡಿ. ಕೊಟ್ಟೆ, ಬಂದೆ. ಕೈಯಲ್ಲಿ ಏನೂ ಇಲ್ಲದವನು ಏನು ಮಾಡಬೇಕು? ಕೂರಬೇಕು. ಮುಖ ನೋಡಬೇಕು. ಅದು ಕಷ್ಟ.

ಮರುದಿನ ಬೆಳಿಗ್ಗೆ ಸಾಹುಕಾರ ನಡೆದುಕೊಂಡು ಹೋದ. ಕೈಗಳನ್ನು ಎಲ್ಲಿಡಬೇಕು ಅಂತ ತಿಳಿಯದೆ ಒಮ್ಮೆ ಹಿಂದೆ ಕಟ್ಟಿದ, ಒಮ್ಮೆ ಮುಂದೆ ಕಟ್ಟಿದ. ಅವನನ್ನು ಆ ಸ್ಥಿತಿಯಲ್ಲಿ ನೋಡಿ ಫಕ್ಕೀರವ್ವ ಹೆದರಿದಳು. ಬರಿಗೈಲಿ ಬಂದ ಶ್ರೀಮಂತ ಮತ್ತೆ ಯಾತಕ್ಕೆ ಬಂದಾನು?

"ಮಷಿನ್ ಒಯ್ಯಾಕ ಬಂದೀರೇನ್ರಿ ಸಾಹುಕಾರ್ರ? ಒರಸಿ ಇಟ್ಟೇನ್ರಿ, ತುಕ್ಕ ಹಿಡಿಯಾಕ ಬಿಟ್ಟಿಲ್ಲ."

"ಅಲ್ಲವ್ವಾ. ನಿನ್ನ ಹೆಸರ ಕೇಳಾಕ ಬಂದೆ."

ಹೇಳಿದಳು. ಚಾಪೆ ಹಾಸಿದಳು. ಅವನು ಕೂತ. ಏನು ಬೇಕು ಅಂದ. "ಏನೂ ಬ್ಯಾಡ್ರಿ, ನಿಮ್ಮಂಥಾವ್ರ ದಯಾ ಇದ್ರ ಸಾಕು" ಅಂದಳು. ಏಳಬೇಕು ಅನ್ನಿಸಿತು, ಮೇಡಂ ಮಾತು ನೆನಪಾಯಿತು, ಏಳಲಿಲ್ಲ. ಹಾಸಿಗೆಯ ಮೇಲಿದ್ದವನು ಸೂರು ನೋಡುತ್ತಿದ್ದ, ಸಾಹುಕಾರ ನೆಲ ನೋಡುತ್ತಿದ್ದ. ಫಕ್ಕೀರವ್ವ ಇಬ್ಬರನ್ನೂ ನೋಡಿ ನೋಡಿ ಕೊನೆಗೆ ಒಂದು ಗಂಟನ್ನು ಮೂಲೆಗೆ ಸರಿಸಲು ಹೋದಳು. ಗಂಟು ಬಿಚ್ಚಿ ಕೂಸಿನ ಕುಲಾವಿ ಹೊರಗೆ ಜಾರಿತು.

"ಯಾರಿಗವ್ವಾ ಅದು?"

ಕಟ್ಟೆ ಒಡೆಯಿತು. "ಮಗಳು ಹಡದಾಳ್ರಿ. ಹೆಣ್ಣ ಕೂಸು. ನಾಳೆ ತೊಟ್ಲಾಗ ಹಾಕ್ತಾರ. ತವರಮನಿಯವ್ರು ಇಲ್ಲದ ತೊಟ್ಲ ಅದೆಂಥಾದ್ರಿ? ಬ್ಯಾಡ ಬಿಡು ಅಂತ ಎಷ್ಟ ಸರ್ತಿ ಅಂದ್ಕೊಂಡ್ರೂ ಜೀವ ತಡೀವಲ್ದು."

"ಇಷ್ಟ ಹೌದಿಲ್ಲೋ? ಕಾರ್ ಕಳಸ್ತೀನಿ."

"ಕಾರ್ ಯಾಕ್ರಿ, ಹೆಂಗಸರಿಗೆ ಬಸ್ ಪುಕ್ಕಟ ಐತಿ. ಇವ್ರ ಹಂತ್ಯಾಕ ಯಾರ ಕುಂಡ್ರಬೇಕು? ಆಗಾಗ ಮಗ್ಗಲ ಹೊರಳಸಬೇಕ್ರಿ, ಇಲ್ಲಾಂದ್ರ ಬೆನ್ನಿಗೆ ಹುಣ್ಣ ಬೀಳ್ತಾವ. ಗಂಜಿ ಕುಡಸಬೇಕು. ಉಳದದ್ದೂ ಮಾಡಬೇಕು."

ಸಾಹುಕಾರನ ಕೈ ಫೋನಿಗೆ ಹೋಯಿತು. ಗುಮಾಸ್ತನನ್ನು ಕೂರಿಸೋಣ. ಇಲ್ಲ, ಆಳು ಕಳಿಸುವ ಹಾಗಿಲ್ಲ. ನರ್ಸನ್ನು ಗೊತ್ತುಮಾಡೋಣ. ದುಡ್ಡು ಕೊಡುವ ಹಾಗೂ ಇಲ್ಲ. ಹಾಗಾದರೆ ಉಳಿದದ್ದೇನು? ಊರಿಗೆಲ್ಲ ಕೊಟ್ಟ ಮನುಷ್ಯ, ಆ ಚಾಪೆಯ ಮೇಲೆ ಹುಡುಕಿ ನೋಡಿದರೆ ತಾನೊಬ್ಬನೇ ಉಳಿದಿದ್ದ.

"ನಾ ಕುಂಡ್ರತೀನಿ," ಅಂದ. ಅಂದಮೇಲೆ ಯಾರು ಅಂದದ್ದು ಅಂತ ಅವನಿಗೇ ಆಶ್ಚರ್ಯವಾಯಿತು.

ಆಕೆಯ ಕಣ್ಣು ಅರಳಿತು. ಆದರೆ ಹಾಸಿಗೆಯಿಂದ ಗಂಡ ದನಿ ತೆಗೆದ. "ಬ್ಯಾಡ. ಹಮಾಲಿ ಮಾಡಿದಾಂವ ನಾನು. ಸಾಹುಕಾರ್ರ ಕೈಲೆ ಇಂಥಾವೆಲ್ಲ ಮಾಡಿಸ್ಕೊಳ್ಳಂಗಿಲ್ಲ. ನೀ ಹೋಗೂದು ಬ್ಯಾಡ."

ಫಕ್ಕೀರವ್ವ ಕುಲಾವಿಯನ್ನು ಮಡಚಿ ಗಂಟು ಕಟ್ಟತೊಡಗಿದಳು. ಮುಗಿದೇಹೋಯಿತು ಅಂದುಕೊಂಡಳು. ಈ ಹೊತ್ತಿನಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನನ್ನ ಕರ್ತವ್ಯ ನಾನು ಮಾಡಿದೆ, ಅವರೇ ಬೇಡ ಅಂದರು ಅಂತ ಧೋತರ ಝಾಡಿಸಿಕೊಂಡು ಎದ್ದು ಬರುತ್ತಿದ್ದಿರಿ. ಸಾಹುಕಾರ ಏಳಲಿಲ್ಲ. ಹಾಸಿಗೆಯ ಹತ್ತಿರಕ್ಕೆ ಸರಿದ.

"ಯಾಕ ಬ್ಯಾಡ ಅಂತೀ, ಹೇಳು. ಕೇಳಾಕ ಬಂದೀನಿ."

"ನಾಚಿಕಿ ಬರತೈತ್ರಿ," ಅಂದ ಅವನು.

"ನನಗೂ ಬರತೈತಿ," ಅಂದ ಸಾಹುಕಾರ. "ಒಂದ ದಿನ ಇಬ್ಬರೂ ನಾಚಿಕೊಂಡ ಕುಂಡ್ರೂಣು. ಆಕಿ ಹೋಗಿ ಬರ್ಲಿ."

ಹಮಾಲ ನಕ್ಕ. ಬಿದ್ದಮೇಲೆ ಅವನು ನಕ್ಕದ್ದನ್ನು ಫಕ್ಕೀರವ್ವ ಕಂಡಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಆಕೆ ಹೋದಳು.

ಆ ದಿನ ಏನಾಯಿತು ಅಂತ ಪೂರ್ತಿ ಹೇಳಿದರೆ ನಿಮಗೆ ಪ್ರಸಾದದ ಹೊತ್ತು ಮೀರುತ್ತದೆ. ಗಂಜಿ ಅರ್ಧ ಬಾಯಿಗೆ, ಅರ್ಧ ದಿಂಬಿಗೆ. ಮಗ್ಗಲು ಹೊರಳಿಸಲು ಹೋಗಿ ಸಾಹುಕಾರನೇ ಉರುಳಿದ. "ಚೀಲ ಎತ್ತಿದಂಗ ಎತ್ರಿ, ಜಗ್ಗಬ್ಯಾಡ್ರಿ" ಅಂತ ಹಮಾಲ ಹೇಳಿಕೊಟ್ಟ. ಉಳಿದದ್ದನ್ನೂ ಮಾಡಿದ. ಮೂಗು ಮುಚ್ಚಿಕೊಳ್ಳಲು ಮೂರನೆಯ ಕೈ ಇರಲಿಲ್ಲ, ಮಾಡಿದ. ಸಂಜೆ ಫಕ್ಕೀರವ್ವ ತೊಟ್ಟಿಲ ಶಾಸ್ತ್ರದಲ್ಲಿ ಹಂಚಿದ ಗುಗ್ಗರಿ ಕಟ್ಟಿಕೊಂಡು ಬಂದಳು. ಕೂಸಿನ ಮೂಗು ಯಾರ ಹಾಗೆ, ತೊಟ್ಟಿಲಿಗೆ ಹಾಕುವಾಗ ಹೇಗೆ ಬೆರಳು ಹಿಡಿದುಕೊಂಡಿತು, ಅಂತ ಬಾಗಿಲಲ್ಲೇ ನಿಂತು ಶುರುಮಾಡಿದಳು. ಇಬ್ಬರು ಗಂಡಸರೂ ಕಣ್ಣೊರೆಸಿಕೊಂಡರು.

ಮೇಡಂ ಕೇಳಿದಳಂತೆ, "ಅಲ್ಲಿ ನೀವು ಏನು ಮಾಡಿದ್ರಿ ಸರ್?"

"ನಾ ಏನೂ ಮಾಡ್ಲಿಲ್ರಿ. ಆಕಿ ಹೋಗಿ ಬಂದ್ಲು."

ಪಾಸಾದ. ಅದು ಬಿಡಿ, ನೀವು ಪಾಸಾಗುತ್ತೀರಾ ಅನ್ನುವುದು ನನಗೆ ಚಿಂತೆ. ಬ್ಯಾನಿ ಬಿದ್ದವರನ್ನು ನೋಡಲು ನೀವೂ ಹೋಗುತ್ತೀರಿ. ಬಿಸ್ಕೀಟು ಪುಡಿಕೆ ದಿಂಬಿನ ಪಕ್ಕ ಇಡುತ್ತೀರಿ. ಆ ಎಣ್ಣೆ ತಿಕ್ಕಿ, ಈ ಡಾಕ್ಟರಿಗೆ ತೋರಿಸಿ ಅಂತ ಉಪದೇಶ ಮಾಡುತ್ತೀರಿ. ಚಹಾ ಕುಡಿಯುತ್ತೀರಿ. ಆ ಚಹಾ ಮಾಡಿದವಳು ಯಾರು? ರಾತ್ರಿಯೆಲ್ಲ ನಿದ್ದೆಗೆಟ್ಟವಳು. ನೀವು ಹೋದದ್ದರಿಂದ ಆಕೆಗೆ ತೊಳೆಯಲು ಇನ್ನೊಂದು ಬಟ್ಟಲು ಸಿಕ್ಕಿತು. ಇದಕ್ಕೆ ದಾಸೋಹ ಅನ್ನುತ್ತೀರಾ?

ಡಿಗ್ರಿ ಮಾಡಿ ಅಂತ ನಾನು ಹೇಳುವುದಿಲ್ಲ. ಮಾಡುವವರು ಮಾಡಲಿ, ಒಳ್ಳೆಯ ಓದು ಅದು. ನೀವು ಇಷ್ಟು ಮಾಡಿ. ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರಿರುವ ಮನೆ ಯಾವುದು ಅಂತ ನಿಮಗೆ ಗೊತ್ತು. ಅಲ್ಲಿಗೆ ಹೋಗಿ. ಮಲಗಿದವರನ್ನು ಮಾತಾಡಿಸಿ, ಆಮೇಲೆ ಅವರನ್ನು ನೋಡಿಕೊಳ್ಳುವವಳ ಕಡೆ ತಿರುಗಿ. "ನೀನು ಎಲ್ಲಿಗೆ ಹೋಗಬೇಕು ತಾಯಿ?" ಅಂತ ಕೇಳಿ. ಏನೂ ಬೇಡ ಅನ್ನುತ್ತಾಳೆ. ಏಳಬೇಡಿ. ಆಕೆಗೆ ತವರಿರುತ್ತದೆ, ಸಂತೆ ಇರುತ್ತದೆ, ತನ್ನದೇ ಒಂದು ಹಲ್ಲುನೋವು ಇರುತ್ತದೆ. ಆಕೆ ಹೋಗಿ ಬರುವ ತನಕ ಆಕೆಯ ಜಾಗದಲ್ಲಿ ನೀವು ಕೂರಿ.

ಆಕೆಗೂ ಈ ಮಠಕ್ಕೆ ಬಂದು ಎರಡು ಮಾತು ಕೇಳುವ ಮನಸ್ಸಿದೆ. ಎಷ್ಟು ವರ್ಷದಿಂದ ಬಂದಿಲ್ಲ ಅಂತ ನೀವು ಯಾರೂ ಲೆಕ್ಕವಿಟ್ಟಿಲ್ಲ. ನಾಳೆ ಸಂಜೆ ನೀವು ಇಲ್ಲಿ ಕಾಣದಿದ್ದರೆ ನನಗೆ ಬೇಸರವಿಲ್ಲ. ನೀವು ಅಲ್ಲಿ ಕೂತಿರಿ, ನಿಮ್ಮ ಜಾಗದಲ್ಲಿ ಆಕೆ ಬಂದು ಕೂರಲಿ.