ಅಳದ ಕೂಸು

ಎಂಬತ್ತೆರಡರ ಬೇಸಿಗೆ, ಅಕ್ಕಿಆಲೂರಿನ ಬಸ್ ನಿಲ್ದಾಣ. ನನ್ನ ಪಕ್ಕದಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಕೂಸು ಮಲಗಿತ್ತು. ಕುಡಿತ ಬಿಡಿಸಲೆಂದು ಸೊಸೆಯ ಗಂಡ ಗುದ್ಲೆಪ್ಪನನ್ನು ಧಾರವಾಡದ ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದರು.

“ಸಣ್ಣಾಂವಿದ್ದಾಗ ಅಂಜಿಕಿ ಆದ್ರ ಯಾರ ಕಡೆ ಓಡ್ತಿದ್ದಿ ಅಂತ ಡಾಕ್ಟರು ಅವರನ್ನ ಕೇಳಿದ್ರು, ಅತ್ತಿ,” ಎಂದಳು ಸೊಸೆ.

“ಏನಂದ ನನ್ನ ಮಗ?”

“ಯಾರ ಕಡೆನೂ ಇಲ್ಲ ಅಂದ್ರು.”

“ಅವ ಅಳೂ ಕೂಸ ಆಗಿರಲಿಲ್ಲವ್ವ. ಗದ್ದಿ ಬದುವಿನ ಮ್ಯಾಲೆ ಮಲಗಿಸಿದ್ರ ಸಂಜಿತನಕ ಏಳ್ತಿರಲಿಲ್ಲ.”

“ಹಸಿವಾದ್ರೂ ಏಳ್ತಿರಲಿಲ್ಲೇನು?”

“ಕೂಲಿಗೆ ಹೋಗೋರೆಲ್ಲಾ ಮಾಡ್ತಿದ್ವಿ. ಸಾಸಿವಿಕಾಳಿನಷ್ಟು ಅಫೀಮು ಹಾಲಿನಾಗ ತೇಯ್ದು ನೆಕ್ಕಿಸ್ತಿದ್ವಿ.”

ಸೊಸೆ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು.

“ನಾ ಡಾಕ್ಟರ ಕಡೆ ಒಳಗ ಕುಂತಾಗ ಇದು ಭಾಳ ಅಳಾಕತ್ತಿತ್ತು. ಆಮ್ಯಾಲೆ ಹೆಂಗ ಸುಮ್ಮನಾತು?”

ಅತ್ತೆ ರಸ್ತೆಯ ಕಡೆ ನೋಡಿದಳು. “ಬಸ್ ಬಂತು, ಏಳು.”

“ಅತ್ತಿ, ಹೆಂಗ ಸುಮ್ಮನಾತು?”

“ಚೂರು ಕೊಟ್ಟೇನಿ. ಅವನಿಗೆ ಕೊಟ್ಟಷ್ಟ.”

ಸೊಸೆ ಬಸ್ ಹತ್ತಲಿಲ್ಲ. ಕೂಸಿನ ಅಂಗಾಲು ಚಿವುಟುತ್ತ ದವಾಖಾನೆಯ ಕಡೆ ಓಡಿದಳು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ಹಿಂದೆಯೇ ಓಡಿದಳು.

ಅವರು ತಿರುವು ದಾಟುವವರೆಗೂ ನಾನು ಒಂದು ಅಳುವಿಗಾಗಿ ಕಿವಿಗೊಟ್ಟು ನಿಂತಿದ್ದೆ.