ಒಂಟಿ ಗಂಡುಮೀನು

ಸಾಸಿವೆ ಚೆಲ್ಲಿದರೂ ನೆಲ ಮುಟ್ಟದಷ್ಟು ತುಂಬಿದ್ದ ಬಸ್ಸಿನಲ್ಲಿ, ಏಳೂರಿನ ಗುಟ್ಟನ್ನು ಒಂದೇ ಕಿವಿಯಲ್ಲಿ ಹಿಡಿಯಬಲ್ಲ ಕ್ಷೌರಿಕನೊಬ್ಬ ನಿಂತಿದ್ದ. ಎದುರು ಸೀಟಿನಲ್ಲಿ ಒಬ್ಬ ದರ್ಜಿ, ಪಕ್ಕದಲ್ಲಿ ನಿವೃತ್ತ ಟೀಚರಮ್ಮ. ಆಕೆಯ ತೊಡೆಯ ಮೇಲೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಬೆರಳುದ್ದದ ಮೀನು.

"ಮದುಮಗನ್ನ ತಂದಿದ್ದೀನಪ್ಪಾ. ನಿನ್ನ ಹೆಣ್ಣುಮೀನಿನ ಜೊತೆ ಬಿಡೋಣ," ಎಂದರು ಟೀಚರಮ್ಮ ದರ್ಜಿಗೆ.

"ಅಕ್ಕಾ, ಅದು ಹೋದ ತಿಂಗಳೇ ಸತ್ತುಹೋಯ್ತು."

"ಯಾಕೋ ಹೇಳಲಿಲ್ಲ?"

"ನಿಮ್ಮ ಹತ್ರ ಮೂರು ಹೆಣ್ಣಿವೆಯಲ್ಲ ಅಂತ ಸುಮ್ಮನಿದ್ದೆ."

"ಮೂರನ್ನೂ ಡಾಕ್ಟರಿಗೆ ಕೊಟ್ಟೆ. ಈ ಮೀನಿನ ಕುಲ ಉಳೀಬೇಕಾದ್ರೆ ಎಲ್ಲಾ ಒಂದೇ ಮನೇಲಿ ಇರಬಾರದು ಅಂತ ನಾವು ಮೂವರೇ ಮಾಡಿದ ನಿಯಮ ತಾನೇ?"

ದರ್ಜಿಯ ಮುಖ ಸುಣ್ಣವಾಯಿತು. "ಡಾಕ್ಟರ ತೊಟ್ಟೀಲಿ ರೋಗ ಬಂದು ಒಂದೂ ಉಳೀಲಿಲ್ಲ ಅಕ್ಕಾ. ನಿಮ್ಮವೂ ಅಲ್ಲೇ ಇದ್ವು ಅಂತ ನನಗೆ ಗೊತ್ತಿರಲಿಲ್ಲ. ನಿಮಗೆ ಹೇಳಿದ್ರೆ ಊಟ ಬಿಡ್ತೀರಿ ಅಂತ ನಾನೇ ಅವರ ಬಾಯಿ ಮುಚ್ಚಿಸಿದೆ."

"ಹಾಗಾದ್ರೆ ನಮ್ಮ ಮೂವರ ಮನೇಲೂ ಹೆಣ್ಣಿಲ್ಲ."

"ಬೇರೆ ಯಾರ ಹತ್ರಾನೂ ಈ ಮೀನೇ ಇಲ್ಲ."

ಲೋಕದ ಯಾವ ಕಷ್ಟಕ್ಕೂ ನಾಲಿಗೆ ತುದಿಯಲ್ಲೇ ಮದ್ದಿಟ್ಟುಕೊಂಡ ಕ್ಷೌರಿಕನಿಗೆ ತಡೆಯಲಾಗಲಿಲ್ಲ. "ಅದು ಹುಟ್ಟಿದ ಹಳ್ಳದಲ್ಲೇ ಇನ್ನೊಂದು ಹಿಡಿದು ತನ್ನಿ ತಾಯೀ!"

"ಆ ಹಳ್ಳ ಮುಚ್ಚೇ ಈ ರಸ್ತೆ ಮಾಡಿದ್ದು ತಮ್ಮಾ."

ಕ್ಷೌರಿಕನ ಬಾಯಿ, ಹುಟ್ಟಿದಂದಿನಿಂದ ಮೊದಲ ಸಲ, ತಾನಾಗಿಯೇ ಮುಚ್ಚಿಕೊಂಡಿತು.

"ಮನೆಗೆ ವಾಪಸ್ ತಗೊಂಡು ಹೋಗ್ತೀರಾ ಅಕ್ಕಾ?" ದರ್ಜಿ ಕೇಳಿದ.

"ಬೇಡ. ನನ್ನದಕ್ಕಿಂತ ನಿನ್ನ ತೊಟ್ಟಿ ದೊಡ್ಡದು. ಇರೋಷ್ಟು ದಿನ ಅಗಲವಾಗಿ ಈಜಲಿ."

ನಿಲ್ದಾಣ ಬಂತು. ಟೀಚರಮ್ಮ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಬಿಸಿಲು ತಾಗದಂತೆ ದರ್ಜಿ ಅದಕ್ಕೆ ತನ್ನ ಅಂಗೈ ಅಡ್ಡ ಹಿಡಿದು ಜೊತೆಗೆ ನಡೆದ.