ಹದಿನಾಲ್ಕನೇ ನಿಯಮದ ಕೊನೆಯ ಪದ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯನ್ನು ಅಲಂಕರಿಸಿರುವ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕಿರುವ ಮುಖ್ಯೋಪಾಧ್ಯಾಯರೇ, ಎಡಕ್ಕೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಕಾರ್ಯದರ್ಶಿಗಳೇ, ಅಧ್ಯಾಪಕ ಬಂಧುಗಳೇ, ಪೋಷಕರೇ, ಸಭಿಕರೇ, ಮತ್ತು ಇಂಗ್ಲಿಷಿನಲ್ಲಿ ಹೇಳುವ ಹಾಗೆ, ಲಾಸ್ಟ್ ಬಟ್ ನಾಟ್ ಇನ್ ದಿ ಲಿಸ್ಟ್, ಹಿಂದಿನ ಬೆಂಚುಗಳಲ್ಲಿ ಒತ್ತೊತ್ತಾಗಿ ಕುಳಿತಿರುವ ನನ್ನ ಮಕ್ಕಳೇ,

ಇಂಗ್ಲಿಷ್ ಟೀಚರು ನಗುತ್ತಿದ್ದಾರೆ. ಎಲ್ಲೋ ಒಂದು ಕಡೆ ತಪ್ಪಿರಬೇಕು. ಇರಲಿ. ನನ್ನ ಇಂಗ್ಲಿಷು ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದು, ಆಮೇಲೆ ನಲವತ್ತು ವರ್ಷ ಮರೆತದ್ದು. ಆ ಇಂಗ್ಲಿಷಿನ ಬಗ್ಗೆಯೇ ಇವತ್ತು ಸ್ವಲ್ಪ ಮಾತಾಡಬೇಕಾಗಿದೆ.

ನನ್ನನ್ನು ಕರೆದಿರುವುದು ಈ ಹೊಸ ನಿಯಮಾವಳಿಯನ್ನು ಬಿಡುಗಡೆ ಮಾಡಲು. ಮೂವತ್ತೊಂದು ವರ್ಷ ಈ ಶಾಲೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು ನಾನು. ಹಳೆಯ ನಿಯಮಾವಳಿಯನ್ನು ಬರೆದ ಕೈ ಇದೇ, ಆದ್ದರಿಂದ ಹೊಸದರ ದಾರ ಬಿಚ್ಚುವ ಕೈಯೂ ಇದೇ ಆಗಲಿ ಎಂದು ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿದರು. 'ಐದು ನಿಮಿಷ ಮಾತಾಡಿ, ದಾರ ಎಳೀರಿ, ಫೋಟೋ ತೆಗೆಸ್ಕೊಳ್ಳಿ ಸಾರ್' ಎಂದರು. ದಾರ ಇನ್ನೂ ನನ್ನ ಕೈಯಲ್ಲೇ ಇದೆ. ಎಳೆಯುತ್ತೇನೆ, ಅವಸರವಿಲ್ಲ.

ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ನನ್ನನ್ನು ಗುರುತಿಸುತ್ತೀರಿ. ನೀವು ನನಗಿಟ್ಟ ಹೆಸರು ಕೆಂಪಿಂಕು. ನನ್ನ ಬೆನ್ನ ಹಿಂದೆ ಕರೆಯುತ್ತಿದ್ದಿರಿ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಿರಿ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕುವಾಗ ಅಡಿಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದವನು ನಾನು. ಒಂದು ಗೆರೆಯೂ ಸೊಟ್ಟಗಿರುತ್ತಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಹೌದು, ಹೆಮ್ಮೆಯಿತ್ತು ಎಂದೇ ಹೇಳಬೇಕು, ಸುಳ್ಳೇಕೆ?

ಹೊಸ ಪುಸ್ತಕವನ್ನು ಕಾರ್ಯದರ್ಶಿಗಳು ನಿನ್ನೆಯೇ ಮನೆಗೆ ಕಳಿಸಿದ್ದರು. ಓದಿದೆ. 'ಹಿಂದುಳಿದ ಮಕ್ಕಳ ಹಿತದೃಷ್ಟಿಯಿಂದ ಸಮಗ್ರವಾಗಿ ಪರಿಷ್ಕರಿಸಿದ್ದು' ಎಂದು ಮೊದಲ ಪುಟದಲ್ಲಿದೆ. ಸಮವಸ್ತ್ರದ ಬಣ್ಣ ಬದಲಾಗಿದೆ. ಸೈಕಲ್ ನಿಲ್ಲಿಸುವ ಜಾಗ ಬದಲಾಗಿದೆ. ರಟ್ಟು ಗಟ್ಟಿಯಾಗಿದೆ. ಹದಿನಾಲ್ಕನೇ ನಿಯಮ ಮಾತ್ರ ನಾನು ಬರೆದ ಹಾಗೇ ಇದೆ, ಒಂದಕ್ಷರ ಅಲುಗಾಡಿಲ್ಲ. ಓದುತ್ತೇನೆ, ಕೇಳಿ. 'ಸಕಾರಣವಿಲ್ಲದೆ ಸತತ ಹತ್ತು ದಿನ ಗೈರುಹಾಜರಾದ ವಿದ್ಯಾರ್ಥಿಯ ಹೆಸರನ್ನು, ಹತ್ತನೇ ದಿನದ ಕೊನೆಯ ಗಂಟೆಗೆ ಹಾಜರಿ ಪುಸ್ತಕದಿಂದ ತೆಗೆದುಹಾಕತಕ್ಕದ್ದು.'

ಇವತ್ತು ಒಂಬತ್ತನೇ ತರಗತಿಯಲ್ಲಿ ಹತ್ತೊಂಬತ್ತನೇ ನಂಬರಿನ ಹುಡುಗಿಗೆ ಹತ್ತನೇ ದಿನ.

ಮೂರನೇ ಸಾಲಿನಲ್ಲಿ ಕುಳಿತಿರುವ ಅವಳ ತರಗತಿಯ ಟೀಚರಮ್ಮ ಹಾಜರಿ ಪುಸ್ತಕವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಾರೆ. ಅವರ ತಪ್ಪಲ್ಲ. ಕೊನೆಯ ಗಂಟೆ ಮೂರೂಮುಕ್ಕಾಲಿಗೆ. ಈಗ ಮೂರೂವರೆ ದಾಟಿದೆ. ನನ್ನ ಕಾಲದ ಗೆರೆ ಈಗ ತರಗತಿಯ ಟೀಚರುಗಳ ಪಾಲಿಗೆ ಬಂದಿದೆ, ಗಂಟೆ ಹೊಡೆದೊಡನೆ ಅವರು ಎಳೆಯಲೇಬೇಕು. ಗೆರೆ ಬಿದ್ದರೆ ಆ ಜಾಗ ಕಾಯುವ ಪಟ್ಟಿಯಲ್ಲಿರುವ ಇನ್ನೊಂದು ಮಗುವಿಗೆ. ಮುಂದಿನ ವರ್ಷ ಬರೋಣವೆಂದರೆ ವಯಸ್ಸು ಮೀರಿರುತ್ತದೆ. ಅದು ಹದಿನೈದನೇ ನಿಯಮ. ಅದನ್ನೂ ನಾನೇ ಬರೆದೆ.

ಹುಡುಗಿ ನಮ್ಮ ಬೀದಿಯವಳು. ಅವಳ ತಾಯಿ ಲಾಂಡ್ರಿಯಲ್ಲಿ ಹಬೆಯ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವ ಕೆಲಸದವಳು. ಆಸ್ಪತ್ರೆಗಳ ಹಾಸಿಗೆ ಹೊದಿಕೆಯೆಲ್ಲ ಅಲ್ಲಿಗೇ ಬರುವುದು. ಹನ್ನೆರಡು ದಿನದ ಹಿಂದೆ ಯಂತ್ರದ ಮುಚ್ಚಳ ತಾಯಿಯ ಬಲಗೈ ಮೇಲೆ ಇಳಿಯಿತು. ಯಂತ್ರದ ಮುಂದೆ ಮನೆಯವರು ಯಾರೂ ನಿಲ್ಲದಿದ್ದರೆ ಜಾಗ ಬೇರೆಯವರ ಪಾಲು. ಮನೆಯಲ್ಲಿ ಇನ್ನು ನಿಲ್ಲುವವರು ಯಾರು? ಹತ್ತೊಂಬತ್ತನೇ ನಂಬರು ನಿಂತಳು. ತಾಯಿಯ ತಂಗಿ ಊರಿನಿಂದ ಹೊರಟಿದ್ದಾರೆ, ನಾಳೆ ಬರುತ್ತಾರೆ. ನಾಳೆ, ಸಭಿಕರೇ. ಒಂದೇ ಒಂದು ದಿನ.

ಮೊನ್ನೆ ಕೆಲಸ ಮುಗಿಸಿ ನೇರ ನನ್ನ ಬಾಗಿಲಿಗೆ ಬಂದಳು. ತಲೆಗೂದಲೆಲ್ಲ ಹಬೆಗೆ ಒದ್ದೆ.

'ತಾತ, ಹತ್ತು ದಿನ ಆಗೋಕೆ ಇನ್ನೂ ಎರಡು ದಿನ ಇದೆ ಅಲ್ವಾ? ಭಾನುವಾರ ಲೆಕ್ಕಕ್ಕೆ ಬರುತ್ತಾ?'

'ಬರಲ್ಲಮ್ಮ' ಎಂದೆ.

'ಹಂಗಾದ್ರೆ ಒಂದು ಲೆಟರ್ ಬರ್ಕೊಡಿ. ಇಂಗ್ಲಿಷಲ್ಲೇ ಬರೀರಿ, ಆಗ ಅವರು ಹೆದರ್ಕೋತಾರೆ.'

ಬರೆದೆ. ರಜೆ ಚೀಟಿಯ ಇಂಗ್ಲಿಷು ನನಗೆ ಕಂಠಪಾಠ, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್. ಜ್ವರದ ಜಾಗದಲ್ಲಿ ತಾಯಿಯ ಕೈ ಹಾಕಿದೆ. ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಮದರ್ಸ್ ಹ್ಯಾಂಡ್. ನಗಿ, ನಗಿ, ಆಫೀಸಿನಲ್ಲೂ ನಕ್ಕರಂತೆ. ಈಗಿನ ಗುಮಾಸ್ತರು ನನ್ನ ಕೈಕೆಳಗೆ ಪಳಗಿದವರು, ಸಭ್ಯಸ್ಥರು. ನಿನ್ನೆ ಚೀಟಿಯನ್ನು ನನಗೇ ವಾಪಸು ತಂದುಕೊಟ್ಟು ಹೇಳಿದರು, 'ಸಾರ್, ತಾಯಿಯ ಕೈ ವಿದ್ಯಾರ್ಥಿಯ ಕಾಯಿಲೆ ಅಲ್ಲ. ನೀವೇ ಹೇಳಿಕೊಟ್ಟಿದ್ದಲ್ವಾ, ನಿಯಮದಲ್ಲಿ ತಕ್ಕದ್ದು ಅಂತಿದ್ರೆ ನಮ್ಮ ಕೈಲಿ ಏನೂ ಇರಲ್ಲ ಅಂತ?'

ಹೇಳಿಕೊಟ್ಟಿದ್ದೆ. ಎಷ್ಟು ಚೆನ್ನಾಗಿ ಕಲಿತಿದ್ದಾರೆ ನೋಡಿ!

ಕಾರ್ಯದರ್ಶಿಗಳು ಒಂದು ಚೀಟಿ ಕಳಿಸಿದ್ದಾರೆ. 'ದಯವಿಟ್ಟು ಮುಗಿಸಿ.' ಅಕ್ಷರ ದುಂಡಗಿದೆ, ಸಂತೋಷ. ಮುಗಿಸುತ್ತೇನೆ. ಅದಕ್ಕೆ ಮೊದಲು ಈ ಚೀಲದಲ್ಲಿರುವುದನ್ನು ತೋರಿಸಿಬಿಡುತ್ತೇನೆ. ಇದು ಇಪ್ಪತ್ತೆಂಟು ವರ್ಷ ಹಿಂದಿನ ಸಭೆಯ ನಡಾವಳಿ ಪುಸ್ತಕ. ಬೆಳಿಗ್ಗೆ ಆಫೀಸಿನ ಬೀರುವಿನಿಂದ ರುಜು ಹಾಕಿಯೇ ತೆಗೆದುಕೊಂಡೆ. ಅಂದು ಈ ಕುರ್ಚಿಯಲ್ಲಿ ಕುಳಿತಿದ್ದವರು ಶಾಲೆ ಕಟ್ಟಿದ ದೊಡ್ಡ ಮೇಡಂ. ಅವರು ಹೇಳಿದರು, ನಾನು ಬರೆದುಕೊಂಡೆ, ಅವರು ಸಹಿ ಹಾಕಿದರು. ಇಲ್ಲಿರುವುದು ಏನು? 'ತೆಗೆದುಹಾಕಬಹುದು.' ತಕ್ಕದ್ದು ಅಲ್ಲ. ಬಹುದು! 'ಬಹುದು ಅಂತ ಬರ್ಕೊಳ್ರೀ, ಮಗು ಯಾಕೆ ಬರ್ಲಿಲ್ಲ ಅಂತ ಒಂದ್ಸಲ ಕೇಳೋಕೆ ಜಾಗ ಇರ್ಲಿ' ಎಂದಿದ್ದರು. ಆ ಧ್ವನಿ ಈಗಲೂ ಕಿವಿಯಲ್ಲಿದೆ.

ಮತ್ತೆ ತಕ್ಕದ್ದು ಎಲ್ಲಿಂದ ಬಂತು? ಅಚ್ಚಿನ ಮನೆಯವರ ತಪ್ಪು ಎನ್ನೋಣವೇ? ನನಗೆ ನಾನೇ ಬಹಳ ಕಾಲ ಹಾಗೆ ಹೇಳಿಕೊಂಡಿದ್ದೆ.

ನಿಯಮಾವಳಿ ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ಹೋಗಬೇಕಿತ್ತು. ಬಹುದು ಅಂದರೆ ಮೇ. ಟೈಪು ಮಾಡುತ್ತಾ ನನಗೆ ಕಾಲೇಜಿನ ಮೇಷ್ಟರು ನೆನಪಾದರು. ಶಲ್, ವಿಲ್, ಮೇ, ಮಸ್ಟ್ ಎಂದು ಬೋರ್ಡಿನ ತುಂಬ ಬರೆದು, ಕಾನೂನಿನಲ್ಲಿ ಮೇ ಇರಬಾರದು, ಶಲ್ ಇದ್ದರೇ ಗಾಂಭೀರ್ಯ ಎಂದಿದ್ದರೋ, ಅಥವಾ ಅದರ ಉಲ್ಟಾ ಹೇಳಿದ್ದರೋ, ಆಣೆ ಮಾಡಿ ಹೇಳಲಾರೆ. ಶಲ್ ಎಂದು ಹೊಡೆದೆ. ಕಿವಿಗೆ ಚೆನ್ನಾಗಿತ್ತು. ಆಮೇಲೆ ಅಚ್ಚಿಗೆ ಕೊಡಲು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ಶಲ್ ಅಂದರೆ ತಕ್ಕದ್ದು. ಹೋದದ್ದು ಬಹುದು, ವಾಪಸು ಬಂದದ್ದು ತಕ್ಕದ್ದು. ಅಷ್ಟರಲ್ಲಿ ದೊಡ್ಡ ಮೇಡಂ ನಿವೃತ್ತರಾಗಿದ್ದರು. ಹೊಸಬರಿಗೆ ವ್ಯತ್ಯಾಸ ಗೊತ್ತಿರಲಿಲ್ಲ.

ಇದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಅವಳು ಹೋಗಿ ಎರಡು ವರ್ಷವಾಯಿತು. ನೆಗಡಿಯಾಗಿದೆ ಎಂದು ನಾನು ಹೊದ್ದು ಬಂದಿರುವ ಈ ಶಾಲು ಅವಳದೇ, ಹೂವಿನ ಅಂಚಿದೆ, ಕ್ಷಮಿಸಿ. ಹೊಲಿಗೆ ಬಿಚ್ಚಿತ್ತೆಂದು ಈ ನಡಾವಳಿ ಪುಸ್ತಕವನ್ನು ಒಮ್ಮೆ ಮನೆಗೆ ತಂದಿದ್ದೆ. ಅವಳು ಹೊಲಿಯಲು ಕುಳಿತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದಳು.

'ರೀ, ಇಲ್ಲಿ ಬಹುದು ಅಂತಿದೆ. ಅಚ್ಚಿನಲ್ಲಿ ತಕ್ಕದ್ದು ಯಾಕಾಯ್ತು?'

'ಅದು ಶಲ್ ಕಣೇ. ನಿನಗೆ ಗೊತ್ತಾಗಲ್ಲ.'

'ಶಾಲು ಅಂದ್ರಾ?' ಎಂದಳು. 'ನನ್ನನ್ನೂ ಆರನೇ ಕ್ಲಾಸಿನಲ್ಲಿ ಹೊರಗೆ ಹಾಕಿದ್ರು. ಅಮ್ಮನ ಬಾಣಂತನಕ್ಕೆ ಅಂತ ಮನೇಲಿ ಉಳ್ಕೊಂಡಿದ್ದೆ. ಇಂಥದೇ ಶಾಲು ಹೊದ್ದೋರು ಯಾರೋ ಬರೆದಿರಬೇಕು, ಅಲ್ವಾ?'

ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟೆ. ಅವಳು ಹೊಲಿದು ಮುಗಿಸಿದಳು. ಆದರೆ ಮದುವೆಯಾದಾಗಿನಿಂದ ಸಂಜೆ ನಾನು ಚಪ್ಪಲಿ ಬಿಡುವಷ್ಟರಲ್ಲಿ 'ಇವತ್ತು ಸ್ಕೂಲಲ್ಲಿ ಏನಾಯ್ತು?' ಎಂದು ಕೇಳುತ್ತಿದ್ದವಳು, ಅವತ್ತಿನಿಂದ ಆ ಪ್ರಶ್ನೆಯನ್ನು ಕೇಳುವುದೇ ಬಿಟ್ಟಳು.

ಆಗ ನನ್ನ ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು.

ಏಳು ವರ್ಷ. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಗೊತ್ತಿದ್ದೂ ಏಳು ವರ್ಷ ಗೆರೆ ಎಳೆದೆ. ಯಾಕೆ? ತಿದ್ದಿದರೆ, ಅದುವರೆಗೆ ಎಳೆದದ್ದೆಲ್ಲ ತಪ್ಪು ಎಂದಾಗುತ್ತಿತ್ತಲ್ಲ. ಆ ಮಕ್ಕಳು ಈಗ ಎಲ್ಲಿದ್ದಾರೋ! ಒಬ್ಬಳು ಮಾತ್ರ ಎಲ್ಲಿದ್ದಾಳೆಂದು ಗೊತ್ತು. ಹತ್ತೊಂಬತ್ತನೇ ನಂಬರಿನ ತಾಯಿ. ಅವಳ ಗೆರೆಯೂ ನನ್ನದೇ, ಆ ನಿಯಮ ಅಚ್ಚಾದ ಹೊಸತರಲ್ಲಿ ಎಳೆದದ್ದು. ಅವಳಿಗೆ ಅದು ಗೊತ್ತಿದೆ. ಗೊತ್ತಿದ್ದೂ ಮಗಳನ್ನು ನನ್ನ ಬಾಗಿಲಿಗೇ ಕಳಿಸಿದಳು.

ಸ್ವಲ್ಪ ನೀರು ಕೊಡಿ.

ಈಗ ಮೂರು ಐವತ್ತು. ಗಂಟೆಯ ಹಗ್ಗ ಹಿಡಿದು ಜವಾನ ಬಾಗಿಲಲ್ಲಿ ನಿಂತಿದ್ದಾನೆ, ಯಾಕೆ ಹೊಡೆಯುತ್ತಿಲ್ಲ ಎಂದು ಕಾರ್ಯದರ್ಶಿಗಳು ಕಣ್ಣಿನಲ್ಲೇ ಗದರಿಸುತ್ತಿದ್ದಾರೆ. ಅವನನ್ನು ಗದರಿಸಬೇಡಿ. ಇಪ್ಪತ್ತೇಳನೇ ನಿಯಮ ನೋಡಿ. 'ಸಭೆಯಲ್ಲಿ ಅತಿಥಿಗಳು ಮಾತನಾಡುತ್ತಿರುವಾಗ ಗಂಟೆ ಬಾರಿಸತಕ್ಕದ್ದಲ್ಲ.' ಅದೂ ಪರಿಷ್ಕರಣೆಯಾಗಿಲ್ಲ. ನಾನು ನಮಸ್ಕಾರ ಹೇಳುವವರೆಗೆ ಈ ಶಾಲೆಯಲ್ಲಿ ಹತ್ತನೇ ದಿನ ಮುಗಿಯುವುದಿಲ್ಲ. ಮುದುಕ ಸುಮ್ಮನೆ ಕೊರೆಯುತ್ತಿದ್ದಾನೆ ಎಂದುಕೊಂಡಿರಾ? ಕೊರೆಯುವುದು ನನ್ನ ಹುಟ್ಟುಗುಣ, ನಿಜ. ಇವತ್ತು ಅದು ಕೆಲಸಕ್ಕೆ ಬಂತು.

ಅಧ್ಯಕ್ಷರೇ, ನಾನು ಯಾವ ಹೊಸ ನಿಯಮವನ್ನೂ ಕೇಳುತ್ತಿಲ್ಲ. ನಿಯಮ ಬದಲಿಸಲು ಸಭೆ ಕರೆಯಬೇಕು, ಗೊತ್ತು. ಗುಮಾಸ್ತನ ಕೈತಪ್ಪು ತಿದ್ದಲು ಸಭೆ ಬೇಡ, ಅಧ್ಯಕ್ಷರ ಕಿರುಸಹಿ ಸಾಕು. ಅದು ಮೂವತ್ತನೇ ನಿಯಮ. ಮೂಲ ಇಲ್ಲಿದೆ, ತಪ್ಪು ಇಲ್ಲಿದೆ, ತಪ್ಪು ಮಾಡಿದವನು ಮೈಕಿನ ಮುಂದೆ ನಿಂತಿದ್ದಾನೆ. ಇಗೋ, ದಾರ ಎಳೆದೆ. ಫೋಟೋದವರು ತೆಗೆದುಕೊಳ್ಳಿ. ಹದಿನಾಲ್ಕನೇ ನಿಯಮ. ತಕ್ಕದ್ದು ಎಂಬುದರ ಮೇಲೆ ಕೆಂಪು ಗೆರೆ. ಒಂದೇ ಗೆರೆ, ಒಳಗಿನ ತಪ್ಪು ಓದುವಂತಿರಬೇಕು, ಗೀಚಿ ಮುಚ್ಚಬಾರದು. ಮೇಲೆ, ಬಹುದು. ಗೆರೆ ಸ್ವಲ್ಪ ಸೊಟ್ಟಗಾಯಿತು.

ನಾನು ಕಾಯುತ್ತೇನೆ. ಕಾಲೇಜಿನಲ್ಲಿ ಕಲಿತ ಒಂದು ಇಂಗ್ಲಿಷ್ ಪದ್ಯ ಅರ್ಧ ನೆನಪಿದೆ, ಬೇಕಾದರೆ ಅದನ್ನೂ ಹೇಳುತ್ತೇನೆ.

ಬೇಡವೇ? ಪೆನ್ನು ತಗೊಳ್ಳಿ ಅಧ್ಯಕ್ಷರೇ. ಇಲ್ಲಿ, ಅಂಚಿನಲ್ಲಿ. ಪೂರ್ತಿ ಸಹಿ ಬೇಡ, ಎರಡಕ್ಷರ ಸಾಕು. ತಾರೀಖು. ಆಯಿತು.

ಟೀಚರಮ್ಮ, ಈಗ ಅದು ಬಹುದು. ಅಂದರೆ ನಿಮ್ಮ ಕೈಯಲ್ಲಿದೆ. ನಾನು ಇನ್ನೇನೂ ಹೇಳುವುದಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಿರಾ? ನೋಡಿದೆ, ತಾಯಿ, ಇಲ್ಲಿಂದ ಚೆನ್ನಾಗಿ ಕಾಣಿಸಿತು.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ನಾನು ಋಣಿ. ಕಾರ್ಯದರ್ಶಿಗಳು ನನ್ನನ್ನು ಇನ್ನು ಕರೆಯುವುದಿಲ್ಲ, ಅದೂ ಗೊತ್ತು. ಹೋಗುವಾಗ ಲಾಂಡ್ರಿಗೆ ಹೋಗಿ, ನಾಳೆ ಪುಸ್ತಕ ತಗೊಂಡು ಸ್ಕೂಲಿಗೆ ಹೋಗು ಎಂದು ಹುಡುಗಿಗೆ ಹೇಳಿ, ಅವರ ಮನೆಯಲ್ಲಿ ಅವಳ ತಾಯಿಯ ಮುಂದೆ ಒಂದು ನಿಮಿಷ ನಿಂತು ಮನೆಗೆ ಹೋಗುತ್ತೇನೆ. ಚಪ್ಪಲಿ ಬಿಡುವಾಗ ಕೇಳುವವರು ಯಾರೂ ಇಲ್ಲ. ಆದರೂ ಇವತ್ತು ಸ್ಕೂಲಿನಲ್ಲಿ ಏನಾಯಿತೆಂದು ಹೇಳಿಯೇ ಒಳಗೆ ಕಾಲಿಡುತ್ತೇನೆ.

ಗಂಟೆ ಹೊಡಿಯಪ್ಪ. ನಮಸ್ಕಾರ.